16 ತುಂಬದವರಿಗೆ ಖಾತೆ ಇಲ್ಲ: ಈ ಕಾನೂನು ನಡೆಯುತ್ತದೆಯೇ?

[ತೆರೆಯ ಮೇಲೆ: ಆಸ್ಟ್ರೇಲಿಯಾ, 10 ಡಿಸೆಂಬರ್ 2025]

ನಮಸ್ಕಾರ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಟಿಕ್‌ಟಾಕ್, ಸ್ನ್ಯಾಪ್‌ಚಾಟ್, ಯೂಟ್ಯೂಬ್ ಸೇರಿದಂತೆ ಹತ್ತು ಜಾಲತಾಣಗಳಲ್ಲಿ 16 ವರ್ಷ ತುಂಬದವರು ಖಾತೆ ಹೊಂದುವಂತಿಲ್ಲ ಎಂಬ ಕಾನೂನು 2025ರ ಡಿಸೆಂಬರ್ 10ರಂದು ಆಸ್ಟ್ರೇಲಿಯಾದಲ್ಲಿ ಜಾರಿಗೆ ಬಂತು. ತಿಂಗಳು ಕಳೆದ ಮೇಲೆ ಅಲ್ಲಿನ ಸರ್ಕಾರ ಒಂದು ಲೆಕ್ಕ ಕೊಟ್ಟಿತು. ಮಕ್ಕಳದ್ದೆಂದು ಗುರುತಿಸಲಾದ ಸುಮಾರು 47 ಲಕ್ಷ ಖಾತೆಗಳನ್ನು ಕಂಪನಿಗಳು ಮುಚ್ಚಿವೆ ಅಥವಾ ನಿರ್ಬಂಧಿಸಿವೆ ಎಂಬುದು ಆ ಲೆಕ್ಕ. ಕೇಳಿದ ಕೂಡಲೇ ಕಾನೂನು ಗೆದ್ದಿತು ಎನ್ನಿಸುತ್ತದೆ. ಆದರೆ ಆ ದೇಶದಲ್ಲಿ 8ರಿಂದ 15 ವರ್ಷದೊಳಗಿನ ಮಕ್ಕಳಿರುವುದೇ ಸುಮಾರು 25 ಲಕ್ಷ. ಲೆಕ್ಕಕ್ಕೆ ಸಿಕ್ಕಿದ್ದು ಖಾತೆಗಳು ಮಾತ್ರ. ಮಕ್ಕಳಲ್ಲಿ ಎಷ್ಟು ಮಂದಿ ನಿಜವಾಗಿ ಹೊರಗುಳಿದರು, ಎಷ್ಟು ಮಂದಿ ಹೊಸ ಜನ್ಮದಿನಾಂಕ ಬರೆದು ಮತ್ತೆ ಒಳಗೆ ಬಂದರು ಎಂಬುದು ಆ ಸಂಖ್ಯೆಯಿಂದ ತಿಳಿಯುವುದಿಲ್ಲ.

ಹಾಗಿದ್ದರೂ ಈ ಸಂಖ್ಯೆಯನ್ನು ನಾನು ಲಘುವಾಗಿ ಕಾಣುವುದಿಲ್ಲ. ಇಂಥ ಕಾನೂನು ಎಲ್ಲಿ ನಡೆಯುತ್ತದೆ, ಎಲ್ಲಿ ಮುಗ್ಗರಿಸುತ್ತದೆ ಎಂಬ ಪ್ರಶ್ನೆಗೆ ಬೇಕಾದ ಮುಖ್ಯ ಸುಳಿವು ಅದರಲ್ಲೇ ಇದೆ. ಅಲ್ಲಿಗೆ ಹೋಗುವ ಮೊದಲು ಕಾನೂನಿನಲ್ಲಿ ಏನಿದೆ ಎಂದು ನೋಡೋಣ.

ಸಂಸತ್ತು ಇದನ್ನು ಅಂಗೀಕರಿಸಿದ್ದು 2024ರ ನವೆಂಬರ್ ಕೊನೆಯಲ್ಲಿ. ಇದರಲ್ಲಿ ಮಗುವಿಗೆ ಶಿಕ್ಷೆಯಿಲ್ಲ, ತಂದೆತಾಯಿಗೆ ದಂಡವಿಲ್ಲ. 16 ತುಂಬದವರು ಖಾತೆ ಹೊಂದದಂತೆ ಸಮಂಜಸ ಕ್ರಮಗಳನ್ನು ಕೈಗೊಳ್ಳುವ ಹೊಣೆ ಪೂರ್ತಿಯಾಗಿ ಕಂಪನಿಯದು, ತಪ್ಪಿದರೆ 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ ದಂಡ ತೆರಬೇಕು. ತಂದೆತಾಯಿ ಒಪ್ಪಿಗೆ ಕೊಟ್ಟರೂ ವಿನಾಯಿತಿ ಇಲ್ಲ. ವಾಟ್ಸ್‌ಆ್ಯಪ್, ಯೂಟ್ಯೂಬ್ ಕಿಡ್ಸ್, ಗೂಗಲ್ ಕ್ಲಾಸ್‌ರೂಂ ಪಟ್ಟಿಯಲ್ಲಿಲ್ಲ. ಖಾತೆಯೇ ಇಲ್ಲದೆ ಯೂಟ್ಯೂಬ್ ತೆರೆದು ನೋಡುವುದಕ್ಕೂ ತಡೆಯಿಲ್ಲ. ಹಾಗೆ ನೋಡುವ ಮಗುವಿಗೆ, ಖಾತೆಯಲ್ಲಿ ತಂದೆತಾಯಿ ಇಟ್ಟಿದ್ದ ಮಿತಿಗಳ ರಕ್ಷಣೆಯೂ ಸಿಗುವುದಿಲ್ಲ ಎಂದು ಯೂಟ್ಯೂಬ್ ಆಕ್ಷೇಪಿಸಿತು. ಆ ಆಕ್ಷೇಪದ ಹಿಂದೆ ಕಂಪನಿಯ ಲಾಭದ ಯೋಚನೆಯೂ ಇರಬಹುದು. ಆದರೂ ಮಾತಿನಲ್ಲಿ ಹುರುಳಿದೆ.

[ದೃಶ್ಯ: ಫೋನಿನ ಮುಂದೆ ಮುಖ ಹಿಡಿದ ಹುಡುಗ, ಪಕ್ಕದಲ್ಲಿ ವಯಸ್ಸಿನ ಅಂದಾಜು ಏರಿಳಿಯುತ್ತಿದೆ]

ಈಗ ಕಷ್ಟದ ಭಾಗಕ್ಕೆ ಬರೋಣ. ಕಾಣದ ಊರಿನಲ್ಲಿ ಕುಳಿತ ಹುಡುಗನ ವಯಸ್ಸು ಕಂಪನಿಗೆ ತಿಳಿಯುವುದು ಹೇಗೆ? ಗುರುತಿನ ಚೀಟಿ ಕೇಳಬಹುದು. ಆದರೆ ಸರ್ಕಾರಿ ಗುರುತಿನ ಚೀಟಿಯೊಂದೇ ದಾರಿ ಎಂದು ಬಳಕೆದಾರರನ್ನು ಒತ್ತಾಯಿಸಬಾರದು ಎಂದು ಆಸ್ಟ್ರೇಲಿಯಾದ ಕಾನೂನೇ ಹೇಳುತ್ತದೆ. ಎರಡನೆಯ ದಾರಿಯಲ್ಲಿ ಬಳಕೆದಾರ ತನ್ನ ಮುಖವನ್ನು ಕ್ಯಾಮೆರಾಕ್ಕೆ ತೋರಿಸಬೇಕು, ತಂತ್ರಾಂಶ ಆ ಚಿತ್ರದಿಂದ ವಯಸ್ಸನ್ನು ಅಂದಾಜು ಮಾಡುತ್ತದೆ. ಎಂಟು ವರ್ಷದ ಮಗುವನ್ನು ಮೂವತ್ತು ವರ್ಷದವರಿಂದ ಬೇರ್ಪಡಿಸಲು ಇದು ಸಾಕು. ಆದರೆ ಕಾನೂನಿಗೆ ಬೇಕಾದುದು ಹದಿನೈದೂವರೆಗೂ ಹದಿನಾರಕ್ಕೂ ನಡುವಿನ ಗೆರೆ. ಆ ಗೆರೆಯ ಆಚೀಚೆಯ ಎರಡು ಮೂರು ವರ್ಷಗಳಲ್ಲೇ ಅಂದಾಜು ಹೆಚ್ಚು ತಪ್ಪುತ್ತದೆ. ಮೀಸೆ ಬೇಗ ಮೂಡಿದ ಹದಿನಾಲ್ಕರ ಹುಡುಗ ಒಳಗೆ ಹೋಗುತ್ತಾನೆ, ಎಳೆಯ ಮುಖದ ಹದಿನೇಳರ ಹುಡುಗಿ ಹೊರಗುಳಿಯುತ್ತಾಳೆ.

ಮೂರನೆಯ ದಾರಿಯ ಬಗ್ಗೆ ಜನ ಮಾತನಾಡುವುದು ಕಡಿಮೆ, ಆದರೆ ನನ್ನ ದೃಷ್ಟಿಯಲ್ಲಿ ಅದೇ ಮುಖ್ಯ. ಖಾತೆ ಎಷ್ಟು ವರ್ಷ ಹಳೆಯದು, ಅದನ್ನು ಬಳಸುವವರು ಶಾಲೆಯ ಹೊತ್ತಿನಲ್ಲಿ ಕಾಣಿಸಿಕೊಳ್ಳುತ್ತಾರೆಯೇ, ಅವರ ಸ್ನೇಹಿತರ ವಯಸ್ಸೇನು, ಹುಟ್ಟುಹಬ್ಬದ ದಿನ ಬಂದ ಶುಭಾಶಯಗಳಲ್ಲಿ ಯಾವ ಸಂಖ್ಯೆ ಇದೆ ಎಂಬ ಕುರುಹುಗಳನ್ನೆಲ್ಲ ಜೋಡಿಸಿ ವಯಸ್ಸನ್ನು ಊಹಿಸುವುದೇ ಆ ದಾರಿ. ಯಾರಿಗೆ ಯಾವ ಜಾಹೀರಾತು ತೋರಿಸಿದರೆ ಕೊಳ್ಳುತ್ತಾರೆ ಎಂದು ಇಷ್ಟು ವರ್ಷ ಇಂಥ ಕುರುಹುಗಳಿಂದಲೇ ಲೆಕ್ಕ ಹಾಕುತ್ತ ಬಂದ ಕಂಪನಿಗಳಿಗೆ ಇದು ಹೊಸ ವಿದ್ಯೆಯಲ್ಲ.

47 ಲಕ್ಷದ ಸಂಖ್ಯೆಯ ಮಹತ್ವ ಇಲ್ಲಿ ಕಾಣುತ್ತದೆ. ಅದರಲ್ಲಿ ತಮ್ಮ ನಿಜವಾದ ವಯಸ್ಸನ್ನು ತಾವೇ ಬರೆದುಕೊಂಡಿದ್ದ ಹದಿಮೂರು, ಹದಿನಾಲ್ಕು, ಹದಿನೈದರ ಮಕ್ಕಳ ಖಾತೆಗಳು ಸಾಕಷ್ಟಿದ್ದಿರಬೇಕು; ಅವನ್ನು ಹುಡುಕಲು ಜಾಣ್ಮೆ ಬೇಕಿರಲಿಲ್ಲ. ನಿಜ ಹೇಳಿದ ಮಗುವಿನ ಖಾತೆ ಮೊದಲು ಹೋಯಿತು, ಸುಳ್ಳು ಹೇಳಿದ ಮಗುವಿನದು ಉಳಿಯಿತು ಎಂಬುದು ಈ ಕಾನೂನಿನ ನೋವಿನ ಪರಿಣಾಮಗಳಲ್ಲೊಂದು. ಆದರೆ ಉಳಿದ ಖಾತೆಗಳನ್ನು ಹುಡುಕುವ ಸಾಮರ್ಥ್ಯವೂ ಕಂಪನಿಗಳ ಕೈಯಲ್ಲೇ ಇತ್ತು. ದಂಡದ ಭಯ ಬರುವವರೆಗೆ ಅವು ಅದನ್ನು ಈ ಕೆಲಸಕ್ಕೆ ಪೂರ್ತಿಯಾಗಿ ಬಳಸಿರಲಿಲ್ಲ.

[ತೆರೆಯ ಮೇಲೆ: 1998. ವಯಸ್ಸು 13]

ಬಳಸದೇ ಇದ್ದುದಕ್ಕೆ ಕಾರಣ ಅಮೆರಿಕದ ಹಳೆಯ ಕಾನೂನೊಂದರಲ್ಲಿದೆ. 1998ರಲ್ಲಿ ಅಲ್ಲಿನ ಸಂಸತ್ತು ಮಕ್ಕಳ ಆನ್‌ಲೈನ್ ಖಾಸಗಿತನದ ಕಾಯ್ದೆಯನ್ನು ಮಾಡಿತು. 13 ತುಂಬದ ಮಗುವಿನ ಮಾಹಿತಿ ಸಂಗ್ರಹಿಸುವ ಮುನ್ನ ತಂದೆತಾಯಿಯ ಒಪ್ಪಿಗೆ ಬೇಕೆಂಬುದು ಅದರ ತಿರುಳು. ಜಗತ್ತಿನ ಹೆಚ್ಚಿನ ಜಾಲತಾಣಗಳು ಇಂದಿಗೂ ಹೇಳುವ 13ರ ಮಿತಿ ಬಂದದ್ದು ಅಲ್ಲಿಂದಲೇ ಹೊರತು ಮಕ್ಕಳ ಮನಸ್ಸಿನ ಬೆಳವಣಿಗೆಯ ಯಾವ ಅಧ್ಯಯನದಿಂದಲೂ ಅಲ್ಲ. ಆ ಕಾಯ್ದೆಯಲ್ಲಿ ಇನ್ನೊಂದು ಮಾತಿತ್ತು. ಎಲ್ಲ ವಯಸ್ಸಿನವರೂ ಬಳಸುವ ತಾಣಕ್ಕೆ, ಬಳಕೆದಾರ ಮಗು ಎಂಬುದು ವಾಸ್ತವವಾಗಿ ತಿಳಿದಿದ್ದರೆ ಮಾತ್ರ ಈ ಹೊಣೆ ಅನ್ವಯಿಸುತ್ತದೆ. ತಿಳಿದರೆ ಹೊಣೆ, ತಿಳಿಯದಿದ್ದರೆ ಇಲ್ಲ ಎಂದಾದಾಗ ತಿಳಿದುಕೊಳ್ಳಲು ಯಾರು ಹೋಗುತ್ತಾರೆ? ಜನ್ಮದಿನಾಂಕ ಬರೆಯುವ ಒಂದು ಚೌಕವನ್ನು ಮುಂದಿಟ್ಟು ಕಂಪನಿಗಳು ಕೈತೊಳೆದುಕೊಂಡವು. ಹತ್ತು ವರ್ಷದ ಮಕ್ಕಳು ತಾವು ಹುಟ್ಟಿದ ಇಸವಿಯನ್ನು ಹಿಂದಕ್ಕೆ ಸರಿಸುವುದನ್ನು ಕಲಿತರು. ಒಂದು ಪೀಳಿಗೆ ಅಂತರ್ಜಾಲದಲ್ಲಿ ಇಟ್ಟ ಮೊದಲ ಹೆಜ್ಜೆಯೇ ಒಂದು ಸುಳ್ಳಾಯಿತು. ಆ ಸುಳ್ಳನ್ನು ಹೇಳಿಸಿದ್ದು ದೊಡ್ಡವರು ಮಾಡಿದ ಕಾನೂನು ಎಂಬುದನ್ನು ನಾವು ಮರೆಯಬಾರದು.

ಸೋತ ಕಾನೂನೊಂದರ ಕಥೆಯನ್ನೂ ಇಲ್ಲಿ ಹೇಳಬೇಕು. ದಕ್ಷಿಣ ಕೊರಿಯಾ 2011ರಲ್ಲಿ, 16 ತುಂಬದವರು ರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ ಆನ್‌ಲೈನ್ ಆಟಗಳನ್ನು ಆಡುವಂತಿಲ್ಲ ಎಂದು ಕಾನೂನು ಮಾಡಿತು. ಅಲ್ಲಿ ಆಟದ ತಾಣಕ್ಕೆ ಸೇರಲು ನಾಗರಿಕ ನೋಂದಣಿ ಸಂಖ್ಯೆ ಬೇಕಿತ್ತು, ಹಾಗಾಗಿ ವಯಸ್ಸಿನ ಪ್ರಶ್ನೆಯೇ ಏಳದು ಎಂದು ಭಾವಿಸಲಾಗಿತ್ತು. ಮಕ್ಕಳು ಅಪ್ಪ ಅಮ್ಮನ ಸಂಖ್ಯೆ ಬಳಸಿದರು. ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವವರು ನಮ್ಮ ಊರಿನಲ್ಲಿ ಮಾತ್ರ ಇರುವುದಿಲ್ಲ. ಅದಕ್ಕಿಂತ ದೊಡ್ಡ ತೂತು ಬೇರೆಡೆ ಇತ್ತು: ಕಾನೂನು ಹಿಡಿದದ್ದು ಕಂಪ್ಯೂಟರ್ ಆಟಗಳನ್ನು, ಆದರೆ ನೋಡನೋಡುತ್ತಲೇ ಆಟವೆಲ್ಲ ಮೊಬೈಲಿಗೆ ಬಂತು. ಹತ್ತು ವರ್ಷ ಪುಸ್ತಕದಲ್ಲಿದ್ದ ಆ ಕಾನೂನನ್ನು 2022ರ ಆರಂಭದಲ್ಲಿ ತೆಗೆದುಹಾಕಲಾಯಿತು. ಬ್ರಿಟನ್ನಿನಲ್ಲಿ 2025ರ ಜುಲೈ 25ರಿಂದ ಅಶ್ಲೀಲ ತಾಣಗಳಿಗೆ ವಯಸ್ಸಿನ ತಪಾಸಣೆ ಕಡ್ಡಾಯವಾದಾಗಲೂ, ತಾನಿರುವ ದೇಶವನ್ನೇ ಮರೆಮಾಚುವ ವಿಪಿಎನ್ ಆ್ಯಪ್‌ಗಳನ್ನು ಇಳಿಸಿಕೊಳ್ಳುವವರ ಸಂಖ್ಯೆ ಆ ದಿನಗಳಲ್ಲೇ ಏಕಾಏಕಿ ಏರಿತು.

[ದೃಶ್ಯ: ಬೀಗ ಹಾಕಿದ ಕಡತಗಳ ಕಪಾಟು]

ಮಕ್ಕಳನ್ನು ತಡೆಯಲು ಎಲ್ಲರ ವಯಸ್ಸನ್ನೂ ಕೇಳಬೇಕಾಗುತ್ತದೆ ಎಂಬುದು ಇನ್ನೊಂದು ತೊಡಕು. 2025ರ ಅಕ್ಟೋಬರಿನಲ್ಲಿ, ಹರಟೆಯ ಆ್ಯಪ್ ನಡೆಸುವ ಡಿಸ್ಕಾರ್ಡ್ ಕಂಪನಿ, ತನ್ನ ಪರವಾಗಿ ಕೆಲಸ ಮಾಡುತ್ತಿದ್ದ ಹೊರಗಿನ ಸಂಸ್ಥೆಯೊಂದರ ಮೂಲಕ ಸುಮಾರು 70,000 ಬಳಕೆದಾರರ ಸರ್ಕಾರಿ ಗುರುತಿನ ಚೀಟಿಗಳ ಚಿತ್ರಗಳು ಬಯಲಾಗಿರಬಹುದು ಎಂದು ಒಪ್ಪಿಕೊಂಡಿತು. ಅವುಗಳನ್ನು ವಯಸ್ಸಿಗೆ ಸಂಬಂಧಿಸಿದ ಮೇಲ್ಮನವಿಗಳಿಗಾಗಿ ಪಡೆಯಲಾಗಿತ್ತು. ಖಾಸಗಿತನ ಮೂಲಭೂತ ಹಕ್ಕು ಎಂದು ನಮ್ಮ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ. ಆಧಾರ್ ತೋರಿಸಿ ಇನ್‌ಸ್ಟಾಗ್ರಾಂಗೆ ಬನ್ನಿ ಎಂಬ ಸುಲಭದ ಸಲಹೆ ಕೊಡುವವರು ಆ ತೀರ್ಪನ್ನು ನೆನಪಿಡಬೇಕು.

ಇಷ್ಟೆಲ್ಲ ತೊಡಕಿದ್ದರೆ ಕಾನೂನೇ ಬೇಡವೇ? ಬೇಕು ಎಂದೇ ನನ್ನ ಅಭಿಪ್ರಾಯ. ‘ನಮ್ಮ ಕ್ಲಾಸಿನಲ್ಲಿ ಎಲ್ಲರೂ ಇದ್ದಾರೆ ಅಮ್ಮಾ, ನಾನೊಬ್ಬಳೇ ಇಲ್ಲ’ ಎಂದು ಮಗಳು ಹೇಳುವಾಗ ಅವಳು ಹಠ ಮಾಡುತ್ತಿರುವುದಿಲ್ಲ, ವಾಸ್ತವವನ್ನು ಹೇಳುತ್ತಿರುತ್ತಾಳೆ. ಎಲ್ಲರೂ ಇರುವ ಕಡೆ ತಾನೊಬ್ಬಳು ಇಲ್ಲದಿರುವುದು ಹದಿಮೂರರ ವಯಸ್ಸಿನಲ್ಲಿ ಸಣ್ಣ ಶಿಕ್ಷೆಯಲ್ಲ. ಒಂದು ಮನೆಯ ತಂದೆತಾಯಿ ಒಂಟಿಯಾಗಿ ಈ ಗಂಟನ್ನು ಬಿಡಿಸಲಾರರು. ಕಾನೂನು ಆ ‘ಎಲ್ಲರೂ’ ಎಂಬುದನ್ನು ‘ಅರ್ಧದಷ್ಟು ಮಂದಿ’ ಎಂದು ಮಾಡಿದರೂ ಉಳಿದ ಮನೆಗಳಲ್ಲಿ ‘ಬೇಡ’ ಎನ್ನುವುದು ಸುಲಭವಾಗುತ್ತದೆ. ಹೀಗಾಗಿ ಕೆಲವು ಮಕ್ಕಳು ನುಸುಳಿದ ಮಾತ್ರಕ್ಕೆ ಕಾನೂನು ಸೋತಿತು ಎನ್ನುವುದು ಸರಿಯಾದ ಅಳತೆಯಲ್ಲ. ಹಾನಿ ಕಲ್ಪಿತವೂ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿಬಳಕೆಗೆಂದೇ 2014ರಿಂದ ಪ್ರತ್ಯೇಕ ಚಿಕಿತ್ಸಾಲಯ ನಡೆಯುತ್ತಿದೆ.

[ತೆರೆಯ ಮೇಲೆ: ಭಾರತದ ಕಾಯ್ದೆ, ಕಲಂ 9]

ನಮ್ಮಲ್ಲಿ ಈ ಮಾತು ಮೊದಲು ಗಟ್ಟಿಯಾಗಿ ಕೇಳಿಬಂದ ಕಡೆಗಳಲ್ಲಿ ಕರ್ನಾಟಕ ಹೈಕೋರ್ಟ್ ಒಂದು. 2023ರ ಸೆಪ್ಟೆಂಬರಿನಲ್ಲಿ ಎಕ್ಸ್ ಕಂಪನಿಯ ಮೇಲ್ಮನವಿಯನ್ನು ಕೇಳುತ್ತಿದ್ದ ವಿಭಾಗೀಯ ಪೀಠ, ಮದ್ಯಪಾನಕ್ಕೆ ಇರುವಂತೆ ಜಾಲತಾಣಗಳ ಬಳಕೆಗೂ ವಯಸ್ಸಿನ ಮಿತಿ ಇರಬೇಕು ಎಂದು ಮೌಖಿಕವಾಗಿ ಹೇಳಿತು. 2025ರ ಡಿಸೆಂಬರಿನಲ್ಲಿ ಮದ್ರಾಸ್ ಹೈಕೋರ್ಟಿನ ಮಧುರೈ ಪೀಠ, ಆಸ್ಟ್ರೇಲಿಯಾದಂಥ ಕಾನೂನನ್ನು ಪರಿಶೀಲಿಸುವಂತೆ ಕೇಂದ್ರ ಸರ್ಕಾರಕ್ಕೆ ಸೂಚಿಸಿತು.

ಆದರೆ ಒಂದು ಕಾನೂನು ನಮ್ಮಲ್ಲಿ ಈಗಾಗಲೇ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲರೂ ಮಕ್ಕಳೇ. ಅವರ ಮಾಹಿತಿಯನ್ನು ಬಳಸಲು ತಂದೆ ಅಥವಾ ತಾಯಿಯ, ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಮಕ್ಕಳ ಚಲನವಲನವನ್ನು ಹಿಂಬಾಲಿಸಬಾರದು, ನಡವಳಿಕೆಯ ಮೇಲೆ ಕಣ್ಣಿಡಬಾರದು, ಅವರನ್ನು ಗುರಿಯಾಗಿಸಿ ಜಾಹೀರಾತು ತೋರಿಸಬಾರದು. ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ. ಇದರಲ್ಲಿ ಹಿಂಬಾಲಿಸಬಾರದು ಎಂಬ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಮಗು ಒಂದು ವಿಡಿಯೋದ ಮೇಲೆ ಎಷ್ಟು ಕ್ಷಣ ತಡೆದಿತು ಎಂದು ಅಳೆದು, ಅದರಂತೆ ಮುಂದಿನದನ್ನು ಬಡಿಸುವ ವ್ಯವಸ್ಥೆಯ ಬುಡಕ್ಕೇ ಈ ಮಾತು ಕೈಹಾಕಬಲ್ಲದು. ಖಾತೆ ಮುಚ್ಚುವ ಕಾನೂನು ಅಲ್ಲಿಗೆ ಮುಟ್ಟುವುದೇ ಇಲ್ಲ.

ಅಡಚಣೆ ಇರುವುದು ನಿಯಮಗಳಲ್ಲಿ. 2025ರ ನವೆಂಬರಿನಲ್ಲಿ ಪ್ರಕಟವಾದ ನಿಯಮಗಳು ಒಪ್ಪಿಗೆ ಪಡೆಯುವ ಬಗೆಯನ್ನು ಉದಾಹರಣೆಗಳ ಮೂಲಕ ವಿವರಿಸುತ್ತವೆ. ತಾಯಿಯ ಗುರುತು ಮತ್ತು ವಯಸ್ಸು ಕಂಪನಿಯ ಬಳಿ ಮೊದಲೇ ಇದ್ದರೆ ಅದನ್ನು ನೋಡಬೇಕು, ಇಲ್ಲದಿದ್ದರೆ ಡಿಜಿಲಾಕರ್‌ನಂಥ ಸೇವೆಯ ಮೂಲಕ ಖಚಿತಪಡಿಸಿಕೊಳ್ಳಬೇಕು. ಆದರೆ ಆ ಉದಾಹರಣೆಗಳು ಶುರುವಾಗುವುದೇ ‘ತಾನು ಮಗು’ ಎಂದು ಮಗು ಹೇಳಿಕೊಳ್ಳುವಲ್ಲಿಂದ, ಅಥವಾ ‘ಇದು ನನ್ನ ಮಗುವಿನ ಖಾತೆ’ ಎಂದು ತಂದೆತಾಯಿ ಮುಂದೆ ಬರುವಲ್ಲಿಂದ. ಇಬ್ಬರೂ ಸುಮ್ಮನಿದ್ದರೆ? 1998ರ ಜನ್ಮದಿನಾಂಕದ ಚೌಕಕ್ಕೇ ನಾವು ಮರಳಿದಂತಾಗುತ್ತದೆ.

ಇದರ ಜೊತೆಗೆ ನಮ್ಮ ಮನೆಗಳ ಸ್ಥಿತಿಯನ್ನೂ ನೋಡಬೇಕು. ಗ್ರಾಮೀಣ ಭಾರತದ ಶಿಕ್ಷಣ ಕುರಿತ 2024ರ ಅಸರ್ ವರದಿಯ ಪ್ರಕಾರ, ಸ್ಮಾರ್ಟ್‌ಫೋನ್ ಬಳಸಬಲ್ಲ ಮಕ್ಕಳ ಪೈಕಿ 14 ವರ್ಷದವರಲ್ಲಿ ಸ್ವಂತ ಫೋನ್ ಇದ್ದುದು ಶೇ. 27 ಮಂದಿಗೆ, 16 ವರ್ಷದವರಲ್ಲಿ ಶೇ. 37.8 ಮಂದಿಗೆ. ಆದರೆ ಫೋನ್ ಬಳಸಬಲ್ಲ 14ರಿಂದ 16ರ ಮಕ್ಕಳಲ್ಲಿ ಸುಮಾರು ಶೇ. 76ರಷ್ಟು ಮಂದಿ ಹಿಂದಿನ ಒಂದು ವಾರದಲ್ಲಿ ಜಾಲತಾಣಗಳನ್ನು ಬಳಸಿದ್ದರು. ಓದಿಗಾಗಿ ಫೋನ್ ಬಳಸಿದವರು ಶೇ. 57. ಸ್ವಂತ ಫೋನ್ ಇಲ್ಲದ ಮಕ್ಕಳು ಬಳಸಿದ್ದು ಯಾರ ಫೋನು? ಅಮ್ಮನದು, ಅಣ್ಣನದು, ಚಿಕ್ಕಪ್ಪನದು. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಎಲ್ಲ ಮಕ್ಕಳ ಕೈಗೆ ಫೋನ್ ಸಿಗುವುದಿಲ್ಲವೆಂದು ಕರ್ನಾಟಕ ಸರ್ಕಾರ ವಿದ್ಯಾಗಮದ ಮೂಲಕ ಮರದಡಿ, ಗುಡಿಯ ಜಗಲಿಯಲ್ಲಿ ಪಾಠ ಹೇಳಿಸಿತ್ತು. ಆಮೇಲೆ ಸಾಲ ಮಾಡಿ ಫೋನ್ ತಂದ ಮನೆಗಳಲ್ಲಿ ಅದು ಶಾಲೆಯ ಹೆಸರಿನಲ್ಲಿ ಬಂದು ಮನೆಮಂದಿಗೆಲ್ಲ ಒಂದೇ ಆಯಿತು. ಅಂಥ ಮನೆಯಲ್ಲಿ ಖಾತೆ ಮೂವತ್ತೈದರ ತಾಯಿಯದು, ಹಗಲಿಡೀ ರೀಲ್ಸ್ ನೋಡುವುದು ಹನ್ನೊಂದರ ಮಗ. ಖಾತೆಯ ವಯಸ್ಸು ಕೇಳುವ ಯಾವ ಕಾನೂನೂ ಇವನನ್ನು ಕಾಣುವುದಿಲ್ಲ. ನೋಟದ ಬಗೆಯಿಂದಲೇ ‘ಈಗ ನೋಡುತ್ತಿರುವುದು ಮಗು’ ಎಂದು ಅರಿಯಲು ಕಂಪನಿಗೆ ಸಾಧ್ಯವಿದೆ, ಅರಿತರೆ ತನ್ನ ಬಡಿಸುವಿಕೆಯನ್ನು ನಿಲ್ಲಿಸಲೂ ಸಾಧ್ಯವಿದೆ. ಅರಿಯಲು ಮಾಡುವ ಕೆಲಸವೇ ನಡವಳಿಕೆಯ ಮೇಲೆ ಕಣ್ಣಿಡುವುದಾಗುತ್ತದೆ ಎಂಬ ಪ್ರಶ್ನೆ ಬರುತ್ತದೆ. ವಯಸ್ಸನ್ನು ತಿಳಿಯಲು ಮಾತ್ರ, ಬೇರೆ ಯಾವುದಕ್ಕೂ ಅಲ್ಲ ಎಂದು ನಿಯಮವೇ ಸ್ಪಷ್ಟವಾಗಿ ಗೆರೆ ಎಳೆಯಬೇಕು.

ಈ ಕಾಯ್ದೆಯ ಮುಖ್ಯ ಹೊಣೆಗಳು ಜಾರಿಗೆ ಬರಬೇಕಾದುದು ನಿಯಮಗಳು ಪ್ರಕಟವಾದ 18 ತಿಂಗಳ ನಂತರ, ಅಂದರೆ 2027ರ ಮೇ ಹೊತ್ತಿಗೆ. ಮಗು ತಾನಾಗಿ ಹೇಳಿಕೊಳ್ಳುವವರೆಗೆ ಕಾಯದೆ, ಮಗುವನ್ನು ಗುರುತಿಸುವ ಹೊಣೆಯನ್ನು ಕಂಪನಿಯ ಮೇಲೆ ನೇರವಾಗಿ ಹೊರಿಸುವ ಒಂದು ವಾಕ್ಯವನ್ನು ನಿಯಮಗಳಿಗೆ ಸೇರಿಸಲು ಉಳಿದಿರುವ ಕಾಲ ಅದು.