ಹೆದರಿಸುವ ಪುಸ್ತಕ ಕೇಳಿದವರಿಗೆ ಯಾವುದು ಕೊಡಬೇಕು?

[ಕ್ಯಾಮೆರಾ ಮುಂದೆ, ಹಿಂದೆ ಪುಸ್ತಕದ ಕಪಾಟು]

ನಮಸ್ಕಾರ. ನನಗೆ ಜಾಸ್ತಿ ಬರುವ ಮೆಸೇಜ್ ಒಂದೇ. "ಚೆನ್ನಾಗಿ ಹೆದರಿಸುವ ಒಂದು ಕನ್ನಡ ಪುಸ್ತಕ ಹೇಳಿ." ಮೊದಲೆಲ್ಲ ತಕ್ಷಣ ನಾಲ್ಕೈದು ಹೆಸರು ಕಳಿಸಿಬಿಡುತ್ತಿದ್ದೆ. ಈಗ ಹಾಗೆ ಮಾಡುವುದಿಲ್ಲ. ನಾನೇ ವಾಪಸ್ ಕೇಳುತ್ತೇನೆ: ನಿಮಗೆ ಯಾವ ಭಯ ಬೇಡ?

ಇದನ್ನು ಕಲಿಸಿದವಳು ನನ್ನ ಅಕ್ಕ. ಬಾಣಂತನಕ್ಕೆ ಮನೆಗೆ ಬಂದಿದ್ದಳು. ಮಗು ಮಲಗಿದಾಗ ಓದೋಕೆ ಏನಾದರೂ ಕೊಡು ಅಂದಳು. ನನಗೆ ಆಗಷ್ಟೇ ಓದಿ ತುಂಬ ಹಿಡಿಸಿದ್ದ ಒಂದು ಮಾಟ ಮಂತ್ರದ ಕಾದಂಬರಿ ಇತ್ತು, ಕೊಟ್ಟೆ. ಅದರಲ್ಲಿ ನರಳುವುದು ಒಂದು ಮಗು. ಗೊತ್ತಿತ್ತು, ಆದರೆ ಕೊಡುವಾಗ ಅದು ತಲೆಗೇ ಬರಲಿಲ್ಲ. ಮಾರನೇ ದಿನ ಬೆಳಿಗ್ಗೆ ನೋಡಿದರೆ ಪುಸ್ತಕ ಹೊರಗೆ ಜಗುಲಿ ಮೇಲೆ ಇತ್ತು. "ಇದನ್ನ ಮನೆಯೊಳಗೆ ಇಡಬೇಡ ಕಣೋ" ಅಂದಳು, ಅಷ್ಟೇ. ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ ಅನ್ನೋದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಆ ಪುಸ್ತಕವನ್ನು ಈಗಲೂ ಬೇರೆಯವರಿಗೆ ಕೊಡುತ್ತೇನೆ. ಹದಿನೈದು ದಿನದ ಕೂಸನ್ನು ಪಕ್ಕದಲ್ಲಿ ಮಲಗಿಸಿಕೊಂಡವಳಿಗೆ ಕೊಡಬಾರದಿತ್ತು.

[ತೆರೆಯ ಮೇಲೆ: ಹಳೇ ಮರದ ಬಾಗಿಲು, ಸೀಮೆಸುಣ್ಣದಲ್ಲಿ "ನಾಳೆ ಬಾ"]

ಇದು ನೆನಪಿದೆಯಾ? 1990ರ ದಶಕದಲ್ಲಿ ಬೆಂಗಳೂರಿನಲ್ಲೂ ಸುತ್ತಮುತ್ತಲ ಊರುಗಳಲ್ಲೂ ಎಷ್ಟೋ ಮನೆ ಬಾಗಿಲ ಮೇಲೆ ಹೀಗೆ ಬರೆದಿರುತ್ತಿತ್ತು. ರಾತ್ರಿ ದೆವ್ವ ಬಂದು ಬಾಗಿಲು ಬಡಿಯುತ್ತೆ, ನಿಮ್ಮ ಮನೆಯವರ ದನಿಯಲ್ಲೇ ಕೂಗುತ್ತೆ, ತೆಗೆದರೆ ಕಥೆ ಮುಗೀತು. "ನಾಳೆ ಬಾ" ಅಂತ ಬರೆದಿದ್ದರೆ ಓದಿಕೊಂಡು ಹೋಗುತ್ತೆ, ಮಾರನೇ ರಾತ್ರಿ ಬಂದು ಮತ್ತೆ ಅದನ್ನೇ ಓದುತ್ತೆ. 2018ರ ಹಿಂದಿ ಸಿನಿಮಾ 'ಸ್ತ್ರೀ'ಗೆ ಎಳೆ ಸಿಕ್ಕಿದ್ದೂ ಇಲ್ಲಿಂದಲೇ.

ಈಗ ಸ್ವಲ್ಪ ಗಮನಿಸಿ. ಇದರಲ್ಲಿ ರಕ್ತ ಇಲ್ಲ, ಕೋರೆಹಲ್ಲು ಇಲ್ಲ, ಕೆದರಿದ ಕೂದಲೂ ಇಲ್ಲ. ಹೊರಗೆ ಅಮ್ಮನ ದನಿ ಕೇಳಿಸುತ್ತಿದೆ, ಚಿಲಕದ ಮೇಲೆ ನಿಮ್ಮ ಕೈ ಇದೆ, ತೆಗೀಬೇಕಾ ಬೇಡವಾ? ಅಷ್ಟೇ. ಹುಟ್ಟಿದಾಗಿನಿಂದ ನಂಬಿದ ದನಿಯನ್ನೇ ಈ ಕಥೆ ನಮ್ಮಿಂದ ಕಿತ್ತುಕೊಳ್ಳುತ್ತೆ. ದೆವ್ವದ ಪುಸ್ತಕ ಕೈಗೆ ಬಂದಾಗ ನಾನು ಮೊದಲು ಹುಡುಕೋದು ಇದನ್ನೇ: ಇದು ನನ್ನ ಮನೆಯ ಯಾವ ವಸ್ತುವಿಗೆ, ಯಾವ ಸದ್ದಿಗೆ ಕೈ ಹಾಕುತ್ತೆ? ಹಾಗಾಗಿ ಒಬ್ಬರೇ ಇರುವವರಿಗೆ, ಮನೆಯಲ್ಲಿ ಈಚೆಗೆ ಸಾವು ಕಂಡವರಿಗೆ ದೆವ್ವದ ಕಥೆ ಕೊಡುವ ಮುಂಚೆ ಕೇಳಿಯೇ ಕೊಡುತ್ತೇನೆ.

"ಹಾಗೆಲ್ಲ ಮೊದಲೇ ಹೇಳಿದರೆ ಗುಟ್ಟು ರಟ್ಟಾಗಲ್ವಾ?" ಅಂತ ಕೇಳುವವರಿದ್ದಾರೆ. ಆಗಲ್ಲ. "ಇದರಲ್ಲಿ ಒಂದು ಮಗುವಿಗೆ ತೊಂದರೆ ಆಗುತ್ತೆ, ಪರವಾಗಿಲ್ವಾ?" ಅಂದರೆ ಸಾಕು. ಯಾರು ಮಾಡಿದರು, ಯಾಕೆ ಮಾಡಿದರು, ಮಗು ಉಳಿಯಿತಾ, ಇದು ಯಾವುದನ್ನೂ ಹೇಳಬೇಕಾಗಿಲ್ಲ. ಗುಟ್ಟು ಬಿಟ್ಟುಕೊಡೋದು ಅಂದರೆ ಏನು ಅಂತ ನನಗೆ ಚೆನ್ನಾಗಿ ಗೊತ್ತು. ಚಿಕ್ಕಂದಿನಲ್ಲಿ ಬಾಡಿಗೆ ಪುಸ್ತಕದ ಅಂಗಡಿಯಿಂದ ಪತ್ತೇದಾರಿ ಕಾದಂಬರಿ ತರುತ್ತಿದ್ದೆ. ಒಂದು ಸಲ ಮೂರನೇ ಪುಟದಲ್ಲಿ, ಪಾತ್ರದ ಹೆಸರು ಬರುವ ಕಡೆ, ಯಾರೋ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು "ಇವನೇ" ಅಂತ ಬರೆದಿದ್ದರು. ಇವತ್ತಿಗೂ ಆ ಸಿಟ್ಟು ಹೋಗಿಲ್ಲ.

ಪತ್ತೇದಾರಿ ಅಂದಾಗ ಎನ್. ನರಸಿಂಹಯ್ಯನವರ ಹೆಸರು ಹೇಳದೆ ಮುಂದೆ ಹೋಗೋಕೆ ನನಗೆ ಮನಸ್ಸಿಲ್ಲ. ಓದಿದ್ದು ನಾಲ್ಕನೇ ತರಗತಿವರೆಗೆ, ಬರೆದಿದ್ದು 500ಕ್ಕೂ ಹೆಚ್ಚು ಕಾದಂಬರಿ. 'ಪತ್ತೇದಾರ ಪುರುಷೋತ್ತಮ' ಬಂದಿದ್ದು 1952ರಲ್ಲಿ. ಎಷ್ಟೋ ಮನೆಗಳಲ್ಲಿ ಪುಸ್ತಕ ಹಿಡಿದು ಕೂರುವ ಅಭ್ಯಾಸ ಶುರುವಾಗಿದ್ದೇ ಇಂಥ ಕಾದಂಬರಿಗಳಿಂದ. ಇವನ್ನು ಸಾಹಿತ್ಯವೇ ಅಲ್ಲ ಅಂತ ಪಕ್ಕಕ್ಕೆ ಇಡುವವರನ್ನು ನೋಡಿದರೆ ನನಗೆ ಬೇಜಾರಾಗುತ್ತೆ.

ಇನ್ನು ಕೆಲವರಿರುತ್ತಾರೆ, "ಕಟ್ಟುಕಥೆ ಬೇಡ, ನಿಜದ ವಿಷಯ ಇದ್ದರೆ ಕೊಡಿ" ಅನ್ನುವವರು. ಅವರಿಗೆ ನಾನು ಕೊಡೋದು ಕೆ. ಎನ್. ಗಣೇಶಯ್ಯ. ಅವರು ಕೃಷಿ ವಿಜ್ಞಾನಿ. 'ಕನಕ ಮುಸುಕು' ಕಾದಂಬರಿಯ ಹಿಂದಿರುವ ಪ್ರಶ್ನೆಯನ್ನೇ ತಗೊಳ್ಳಿ. ಮುಸುಕಿನ ಜೋಳ ಅಮೆರಿಕದ ಬೆಳೆ, ಕೊಲಂಬಸ್ ಅಲ್ಲಿಗೆ ಹೋಗಿದ್ದು 1492ರಲ್ಲಿ. ಸೋಮನಾಥಪುರದ ದೇವಸ್ಥಾನ ಕಟ್ಟಿದ್ದು ಅದಕ್ಕೂ ಇನ್ನೂರು ವರ್ಷ ಮುಂಚೆ. ಅಲ್ಲಿನ ಶಿಲ್ಪಗಳ ಕೈಯಲ್ಲಿರೋದು ಜೋಳದ ತೆನೆ ಥರಾನೇ ಕಾಣುತ್ತಲ್ಲ, ಅದು ಹೇಗೆ? ತೆನೆಯೇ ಅಂತ 1989ರಲ್ಲಿ ವಿಜ್ಞಾನ ಪತ್ರಿಕೆಯೊಂದರಲ್ಲಿ ಬರೆದವರಿದ್ದಾರೆ, ಅಲ್ಲವೇ ಅಲ್ಲ ಅಂತ ವಾದ ಮಾಡಿದ ವಿಜ್ಞಾನಿಗಳೂ ಇದ್ದಾರೆ. ಓದಿ ಮುಗಿಸಿ ಸೋಮನಾಥಪುರಕ್ಕೆ ಹೋಗಿ ಗೋಡೆ ಮುಂದೆ ನಿಂತುಕೊಳ್ಳಿ, ಕತ್ತು ನೋವು ಬರೋವರೆಗೆ ನೋಡುತ್ತೀರಿ. ಪಾತ್ರಗಳು ಕೆಲವು ಕಡೆ ಪಾಠ ಹೇಳಿದ ಹಾಗೆ ಮಾತಾಡುತ್ತವೆ ಅನ್ನೋದು ನನ್ನ ತಕರಾರು. ಆದರೂ ಅಡಿಟಿಪ್ಪಣಿಗಳನ್ನು ಹಾರಿಸಬೇಡಿ, ಅರ್ಧ ರುಚಿ ಅಲ್ಲೇ ಇದೆ.

[ತೆರೆಯ ಮೇಲೆ: ಕಾಡಿನ ದಾರಿ, ಸಂಜೆ ಬೆಳಕು]

ದೆವ್ವ ನಂಬದವರಿಗೆ ಹೆದರಿಕೆ ಆಗಬೇಕಾದರೆ ನರಭಕ್ಷಕ ಹುಲಿ ಚಿರತೆಗಳೇ ಸರಿ. ಕೆನೆತ್ ಆಂಡರ್ಸನ್ನನ ಶಿಕಾರಿ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿ 'ಕಾಡಿನ ಕತೆಗಳು' ಸಾಲಿನಲ್ಲಿ ಕನ್ನಡಕ್ಕೆ ತಂದಿದ್ದಾರೆ. ಒಂದು ಭಾಗದ ಹೆಸರೇ 'ಜಾಲಹಳ್ಳಿಯ ಕುರ್ಕ'. ಈಗ ಜಾಲಹಳ್ಳಿ ಅಂದರೆ ಮೆಟ್ರೋ ಸ್ಟೇಷನ್. ಆ ಸ್ಟೇಷನ್ನಿನಲ್ಲಿ ಇಳಿದು ರಾತ್ರಿ ಮನೆಗೆ ನಡೆಯುವ ಗೆಳೆಯರಿಗೆ ಇದನ್ನು ಕೊಟ್ಟಿದ್ದೇನೆ, ಒಬ್ಬರೂ ಅರ್ಧಕ್ಕೆ ಬಿಟ್ಟಿಲ್ಲ.

ಸೈನ್ಸ್ ಫಿಕ್ಷನ್ ಕೇಳಿದವರಿಗೂ ನಾನು ಮೊದಲು ಕೊಡೋದು ತೇಜಸ್ವಿಯವರ 'ಕರ್ವಾಲೋ', 1980ರದ್ದು. ಅದರಲ್ಲಿ ರಾಕೆಟ್ ಇಲ್ಲ. ಹಾರುವ ಓತಿಯೊಂದನ್ನು ಹುಡುಕಿಕೊಂಡು ಕಾಡು ಹೊಕ್ಕವರ ಕಥೆ. ಪಶ್ಚಿಮ ಘಟ್ಟದ ಮರಗಳ ಮೇಲೆ ಹಾರುವ ಓತಿ ನಿಜವಾಗಿಯೂ ಇದೆ, ಪಕ್ಕೆಯ ಚರ್ಮ ಬಿಚ್ಚಿ ಒಂದು ಮರದಿಂದ ಇನ್ನೊಂದಕ್ಕೆ ತೇಲುತ್ತೆ. ಅಷ್ಟು ಚಿಕ್ಕ ಪ್ರಾಣಿ ಹಿಡಿದುಕೊಂಡು ಕೋಟ್ಯಂತರ ವರ್ಷ ಹಿಂದಕ್ಕೆ ಕರೆದುಕೊಂಡು ಹೋಗುತ್ತಾರಲ್ಲ, ಊಹೆಯ ಕಥೆ ಅಂದರೆ ನನಗೆ ಅದು.

ಈಗ ಮತ್ತೆ ಅಕ್ಕನ ವಿಷಯ. ಕಳೆದ ಸಲ ಊರಿಗೆ ಬಂದವಳು ಹೊರಡುವಾಗ ತಾನೇ ಕೇಳಿದಳು. "ಮಕ್ಕಳಿಗೆ ಏನೂ ಆಗಬಾರದು, ಮಿಕ್ಕಿದ್ದು ಏನಾದರೂ ಸರಿ. ಬಸ್ಸಲ್ಲಿ ನಿದ್ದೆ ಬರಬಾರದು." 'ಜುಗಾರಿ ಕ್ರಾಸ್' ಕೊಟ್ಟೆ. ಇದೂ ತೇಜಸ್ವಿಯವರದೇ, 1994ರ ಕಾದಂಬರಿ. ಏಲಕ್ಕಿ ಮಾರೋಕೆ ಹೊರಟ ಗಂಡ ಹೆಂಡತಿ, ಸುಮಾರು ಒಂದೇ ದಿನದಲ್ಲಿ ನಡೆದುಹೋಗುವ ಕಥೆ, ಉಸಿರು ತಗೊಳ್ಳೋಕೆ ಬಿಡಲ್ಲ. ಅದಕ್ಕಿಂತ ಹೆಚ್ಚು ಅವಳಿಗೂ ಹೇಳಲಿಲ್ಲ, ನಿಮಗೂ ಹೇಳಲ್ಲ.

ರಾತ್ರಿ ಹನ್ನೊಂದಕ್ಕೆ ಫೋನ್ ಬಂತು. ಬಸ್ಸು ಇನ್ನೂ ಘಟ್ಟದಲ್ಲಿತ್ತು, ದನಿ ತುಂಡು ತುಂಡಾಗಿ ಕೇಳಿಸುತ್ತಿತ್ತು. "ಹಿಂದಿನ ಸೀಟಿನವನು ಆಗಿಂದ ಒಂದು ಚೀಲ ಅಪ್ಪಿಕೊಂಡೇ ಕೂತಿದ್ದಾನೆ ಕಣೋ. ನಾನು ಅವನನ್ನೇ ನೋಡ್ತಾ ಇದೀನಿ. ಇನ್ನೂ ನಲವತ್ತು ಪುಟ ಇದೆ, ಆಮೇಲೆ ಮಾಡ್ತೀನಿ" ಅಂದು ಇಟ್ಟುಬಿಟ್ಟಳು.