ಜೋಡಿ ಓಟದ ಲೀಗ್

ಕೇಳುಗರಿಗೆಲ್ಲ ನಮಸ್ಕಾರ.

ಬೈಕ್ ರೇಸ್ ಅಂದ ಕೂಡಲೇ ಒಬ್ಬ ಸವಾರ ಎಲ್ಲರನ್ನೂ ಹಿಂದೆ ಹಾಕಿ ಗೆಲ್ಲುವ ಆಟ ಅಂದುಕೊಳ್ಳುತ್ತೇವೆ, ಅಲ್ವಾ? ಸ್ಪೀಡ್‌ವೇ ಅಂದರೆ ಮಣ್ಣಿನ ಟ್ರ್ಯಾಕ್ ಮೇಲಿನ ಬೈಕ್ ರೇಸ್. ಪೋಲೆಂಡ್‌ನ ಸ್ಪೀಡ್‌ವೇ ಲೀಗ್ ಹಾಗಲ್ಲ. ಏಪ್ರಿಲ್‌ನಲ್ಲಿ ಶುರುವಾದರೆ ಮಳೆ, ಬಿಸಿಲು ಎಲ್ಲ ದಾಟಿ ಫೈನಲ್ ಮುಗಿಯುವಾಗ ಶರತ್ಕಾಲ ಬಂದಿರುತ್ತದೆ. ಎಂಟು ತಂಡಗಳು. ಟೊರೂನ್, ಲುಬ್ಲಿನ್, ಗೊಝೂಫ್‌ನಂಥ ಊರುಗಳ ಜನಕ್ಕೆ ಇದು ಬರೀ ಆಟವಲ್ಲ, ಊರಿನ ಮಾನದ ಪ್ರಶ್ನೆ.

ಮೊದಲು ಬೈಕ್ ಬಗ್ಗೆ ಹೇಳಿಬಿಡುತ್ತೇನೆ. 500 ಸಿಸಿ, ಒಂದೇ ಸಿಲಿಂಡರ್, ಒಂದೇ ಗೇರ್. ಪೆಟ್ರೋಲ್ ಬದಲು ಮೆಥನಾಲ್. ಬ್ರೇಕ್ ಇಲ್ಲವೇ ಇಲ್ಲ! ಮೊಟ್ಟೆಯಾಕಾರದ ಮಣ್ಣಿನ ಟ್ರ್ಯಾಕ್‌ನಲ್ಲಿ ನಾಲ್ವರು ನಾಲ್ಕು ಸುತ್ತು ಓಡಿಸುತ್ತಾರೆ. ಸುಮಾರು ಒಂದು ನಿಮಿಷದಲ್ಲಿ ಎಲ್ಲ ಮುಗಿದುಹೋಗುತ್ತದೆ. ತಿರುವೆಲ್ಲ ಎಡಕ್ಕೇ. ಹಿಂದಿನ ಚಕ್ರವನ್ನು ಬೇಕಂತಲೇ ಜಾರಿಸಿ, ಹ್ಯಾಂಡಲ್ ಬಲಕ್ಕೆ ತಿರುಗಿಸಿ, ಎಡಗಾಲನ್ನು ನೆಲಕ್ಕೆ ಊರಿಕೊಂಡು ತಿರುಗುತ್ತಾರೆ. ಆ ಕಾಲಿನ ಬೂಟಿಗೆ ಉಕ್ಕಿನ ತಳ ಕಟ್ಟಿರುತ್ತಾರೆ. ಕೈಗೂ ಬೈಕಿಗೂ ಒಂದು ದಾರ ಕಟ್ಟಿರುತ್ತಾರೆ. ಸವಾರ ಬಿದ್ದರೆ ಅದು ಕಿತ್ತುಬಂದು ಎಂಜಿನ್ ನಿಲ್ಲುತ್ತದೆ.

ಓಟ ಶುರುವಾಗುವ ಮುಂಚೆ ಗೇಟ್ ಹತ್ತಿರ ನೋಡಬೇಕು. ಎಲ್ಲರೂ ಬೂಟಿನಿಂದ ನೆಲ ಕೆರೆಯುತ್ತಿರುತ್ತಾರೆ. ಹಿಂದಿನ ಚಕ್ರಕ್ಕೆ ಹಿಡಿತ ಸಿಗುವ ಜಾಗ ಹುಡುಕಿ ಹದ ಮಾಡಿಕೊಳ್ಳುವ ಕೆಲಸ ಅದು. ಆಮೇಲೆ ಅಡ್ಡ ಕಟ್ಟಿದ ಟೇಪ್ ಸರ್ರನೆ ಮೇಲಕ್ಕೆ ಹಾರುತ್ತದೆ. ಮೊದಲ ತಿರುವಿಗೆ ಯಾರು ಮೊದಲು ಹೋಗುತ್ತಾರೋ ಅವರಿಗೆ ಅರ್ಧ ಗೆಲುವು ಸಿಕ್ಕಂತೆ.

ಇನ್ನರ್ಧ ಜೊತೆಗಾರನ ಕೈಲಿದೆ. ಇಂಥ ನಾಲ್ಕು ಸುತ್ತಿನ ಒಂದು ಓಟಕ್ಕೆ ಹೀಟ್ ಅನ್ನುತ್ತಾರೆ. ಒಂದೊಂದು ಹೀಟ್‌ನಲ್ಲೂ ಎರಡು ತಂಡಗಳಿಂದ ಇಬ್ಬಿಬ್ಬರು. ಮೊದಲು ಬಂದವನಿಗೆ 3 ಅಂಕ, ಎರಡನೆಯವನಿಗೆ 2, ಮೂರನೆಯವನಿಗೆ 1, ಕೊನೆಯವನಿಗೆ ಸೊನ್ನೆ. ಈಗ ಲೆಕ್ಕ ಹಾಕಿ. ನಮ್ಮವನೊಬ್ಬ ಅದ್ಭುತವಾಗಿ ಗೆದ್ದ, ಅವನ ಜೊತೆಗಾರ ಕೊನೆಗೆ ಬಂದ. ಅಂಕ 3-3. ಅಷ್ಟು ಕಷ್ಟಪಟ್ಟು ಗೆದ್ದರೂ ತಂಡಕ್ಕೆ ಒಂದು ಅಂಕವೂ ಜಾಸ್ತಿ ಸಿಗಲಿಲ್ಲ. ಜೋಡೆತ್ತಿನಲ್ಲಿ ಒಂದೇ ಎಳೆದ ಹಾಗೆ. ಇಬ್ಬರೂ ಮುಂದೆ ಬಂದರೆ ಮಾತ್ರ 5-1. ಇಂಥ 15 ಹೀಟ್ ಸೇರಿ 90 ಅಂಕ. 46 ಮುಟ್ಟಿದವರು ಗೆದ್ದರು.

ಅದಕ್ಕೇ ನನಗೆ ಈ ಆಟದಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಮುಂದಿರುವವನು ವೇಗ ತಗ್ಗಿಸುವ ಗಳಿಗೆ. ಹೆಗಲ ಮೇಲಿಂದ ಹಿಂದೆ ತಿರುಗಿ ನೋಡುತ್ತಾನೆ. ಜೊತೆಗಾರ ಎಲ್ಲಿದ್ದಾನೆ ಅಂತ ತಿಳಿದುಕೊಂಡು ಎದುರಾಳಿಯ ದಾರಿಗೆ ಅಡ್ಡ ನಿಲ್ಲುತ್ತಾನೆ. ಇಬ್ಬರೂ ಅಕ್ಕಪಕ್ಕ ಬರುತ್ತಾರೆ, ಹಿಂದಿನವನಿಗೆ ನುಗ್ಗಲು ಸಂದು ಸಿಗುವುದಿಲ್ಲ. ನೆನಪಿರಲಿ, ಬ್ರೇಕ್ ಇಲ್ಲದ ಬೈಕ್ ಮೇಲೆ ಇದನ್ನೆಲ್ಲ ಮಾಡಬೇಕು!

ಬಾರ್ತೋಷ್ ಜ್ಮಾರ್ಜ್ಲಿಕ್ ಹೆಸರು ಹೇಳಲೇಬೇಕು. ಗೊಝೂಫ್ ತಂಡದಲ್ಲೇ ಬೆಳೆದವನು. 2019ರಲ್ಲಿ ಮೊದಲ ಸಲ ವಿಶ್ವ ಚಾಂಪಿಯನ್. 2022ರ ಲೀಗ್ ಫೈನಲ್‌ನಲ್ಲಿ ಅವನ ಗೊಝೂಫ್ ಲುಬ್ಲಿನ್ ಎದುರು ಸೋತಿತು. ಮರುವರ್ಷ ಅವನು ಅದೇ ಲುಬ್ಲಿನ್ ಸೇರಿಕೊಂಡ. ತವರಿನ ಅಭಿಮಾನಿಗಳಿಗೆ ಎಷ್ಟು ನೋವಾಗಿರಬೇಡ! ಲುಬ್ಲಿನ್ 2023, 2024ರಲ್ಲೂ ಗೆದ್ದು ಸತತ ಮೂರು ಸಲ ಚಾಂಪಿಯನ್ ಆಯಿತು. ಇನ್ನು ಇವರನ್ನು ಯಾರು ಸೋಲಿಸುತ್ತಾರೆ ಅನ್ನುವ ಹೊತ್ತಿಗೆ 2025ರ ಫೈನಲ್‌ನಲ್ಲಿ ಟೊರೂನ್ ಸೋಲಿಸಿಬಿಟ್ಟಿತು. 2008ರ ನಂತರ ಆ ಊರಿಗೆ ಸಿಕ್ಕ ಮೊದಲ ಪ್ರಶಸ್ತಿ ಅದು. ಜ್ಮಾರ್ಜ್ಲಿಕ್ ಅದೇ ವರ್ಷ ಆರನೇ ಸಲ ವಿಶ್ವ ಚಾಂಪಿಯನ್ ಆಗಿದ್ದ. ಜಗತ್ತಿನ ಅತ್ಯುತ್ತಮ ಸವಾರ ತಂಡದಲ್ಲಿದ್ದೂ ಲೀಗ್ ಕೈತಪ್ಪಿತು.

ಎರಡನೇ ಹೀಟ್ ಬರೀ 21 ವರ್ಷದೊಳಗಿನ ಹುಡುಗರದು. ದೊಡ್ಡ ಹೆಸರಿನವರು ಪಿಟ್‌ನಲ್ಲಿ, ಅಂದರೆ ಬೈಕ್ ಸಜ್ಜು ಮಾಡುವ ಜಾಗದಲ್ಲಿ, ನಿಂತು ನೋಡುತ್ತಿರುತ್ತಾರೆ. ಆ ಹುಡುಗರು ತಂದ 5-1 ರಾತ್ರಿಯ ಕೊನೆಯಲ್ಲಿ ಪಂದ್ಯವನ್ನೇ ಉಳಿಸಿಕೊಡಬಹುದು. ಯಾವಾಗಲಾದರೂ ಸ್ಪೀಡ್‌ವೇ ನೋಡಲು ಕೂತರೆ ಮೊದಲನೆಯವನನ್ನು ಸ್ವಲ್ಪ ಹೊತ್ತು ಬಿಟ್ಟುಬಿಡಿ. ಅವನ ಜೊತೆಗಾರ ಯಾರ ಜೊತೆ ಸೆಣಸುತ್ತಿದ್ದಾನೆ ನೋಡಿ.

ನಮಸ್ಕಾರ.