ಮೂರು ಕಿಲೋ ಹೆಚ್ಚು ಬಂತು, ನಿಜವೇ?

ರೈತ ಬಾಂಧವರಿಗೆ ನಮಸ್ಕಾರ.

ಹೊಸ ರಾಗಿ ತಳಿ ಹಾಕಿದವರು ಸುಗ್ಗಿ ಮುಗಿದ ಮೇಲೆ ನನಗೆ ಹೇಳುವ ಮಾತು ಒಂದೇ: "ಸರಾಸರಿ ಗುಂಟೆಗೆ ಮೂರು ಕಿಲೋ ಹೆಚ್ಚು ಬಂತು ಸರ್." ನಾನು ಕೇಳುವುದೂ ಒಂದೇ: "ಪ್ರತಿ ತಾಕನ್ನೂ ಬೇರೆ ಬೇರೆ ತೂಗಿದಿರಾ?" ಹೆಚ್ಚಿನವರು ತೂಗಿರುವುದಿಲ್ಲ. ಕಣದಲ್ಲಿ ಎಲ್ಲವನ್ನೂ ಒಂದೇ ರಾಶಿ ಮಾಡಿರುತ್ತಾರೆ.

ದಯವಿಟ್ಟು ಬರೆದುಕೊಳ್ಳಿ. ಹಳೆಯ ತಳಿಯನ್ನು ಒಂದೊಂದು ಗುಂಟೆಯ ಐದು ತಾಕುಗಳಲ್ಲಿ ಬೆಳೆದಿರಿ ಎನ್ನೋಣ. ಬಂದದ್ದು 28, 31, 30, 29, 32 ಕಿಲೋ. ಸರಾಸರಿ 30. ಹೊಸ ತಳಿಯ ಐದು ತಾಕುಗಳಲ್ಲಿ 20, 45, 33, 24, 43. ಸರಾಸರಿ 33. ಹೊಸದೇ ಮೇಲು ಅನ್ನುತ್ತೀರಾ? ಅವಸರ ಬೇಡ. ಒಂದರಲ್ಲಿ 20, ಪಕ್ಕದ್ದರಲ್ಲಿ 45! ಇಷ್ಟು ಏರಿಳಿತ ಇರುವಲ್ಲಿ ಮೂರು ಕಿಲೋ ಮಣ್ಣಿನ ಗುಣದಿಂದಲೂ ಬಂದೀತು, ನೀರು ನಿಂತದ್ದರಿಂದಲೂ ಹೋದೀತು. ಅದೇ ತಳಿ 32, 34, 33, 31, 35 ಕೊಟ್ಟಿದ್ದರೆ? ಸರಾಸರಿ ಆಗಲೂ 33. ಆದರೆ ಈ ಮೂರು ಕಿಲೋವನ್ನು ನಂಬಬಹುದು. ಬರೀ ಸರಾಸರಿ ನೋಡಬೇಡಿ, ಏರಿಳಿತ ನೋಡಿ.

ಈ ಲೆಕ್ಕಕ್ಕೆ ದಾರಿ ತೋರಿಸಿದ ವಿಲಿಯಂ ಗಾಸೆಟ್ ಅವರ ವಿಷಯ ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. ಆಕ್ಸ್‌ಫರ್ಡ್‌ನಲ್ಲಿ ಗಣಿತ, ರಸಾಯನಶಾಸ್ತ್ರ ಓದಿ 1899ರಲ್ಲಿ ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಗೆ ಸೇರಿದವರು. ಬಿಯರಿಗೆ ಬಾರ್ಲಿ ಬೇಕು. ಯಾವ ಬಾರ್ಲಿ ಒಳ್ಳೆಯದು? ನೋಡಿ, ನಿಮ್ಮದೇ ಪ್ರಶ್ನೆ! ಕೈಯಲ್ಲಿದ್ದದ್ದು ಬೆರಳೆಣಿಕೆಯ ಅಳತೆಗಳು. ಆಗಿನ ಸಂಖ್ಯಾಶಾಸ್ತ್ರಕ್ಕೋ ನೂರಾರು ಬೇಕಿತ್ತು. ಗಾಸೆಟ್ ತಾವೇ ಸೂತ್ರ ಕಟ್ಟಿದರು. ಅದನ್ನು ಪರೀಕ್ಷಿಸಿದ ಬಗೆ ಕೇಳಿ. 3000 ಕೈದಿಗಳ ಎತ್ತರ ಮತ್ತು ಎಡಗೈ ನಡುಬೆರಳಿನ ಉದ್ದವನ್ನು ಬೇರೊಬ್ಬರು ಅಳೆದು ಪ್ರಕಟಿಸಿದ್ದರು. ಆ ಅಂಕಿಗಳನ್ನು 3000 ರಟ್ಟಿನ ಚೂರುಗಳ ಮೇಲೆ ಬರೆದು, ಚೆನ್ನಾಗಿ ಕಲಸಿ, ಒಂದೊಂದಾಗಿ ಎತ್ತಿ, ನಾಲ್ಕು ನಾಲ್ಕರಂತೆ 750 ಗುಂಪು ಮಾಡಿದರು. ಪ್ರತಿ ಗುಂಪಿನ ಸರಾಸರಿ ಎಷ್ಟು ಅತ್ತಿತ್ತ ಸರಿಯುತ್ತದೆಂದು ಲೆಕ್ಕ ಹಾಕಿದರು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಎಂಥ ತಾಳ್ಮೆ! ಸೂತ್ರ ಹೊಂದಿತು. 1908ರಲ್ಲಿ ಪ್ರಬಂಧ ಅಚ್ಚಾಯಿತು. ಸ್ವಂತ ಹೆಸರಿನಲ್ಲಿ ಬರೆಯಲು ಕಂಪನಿ ಬಿಡುತ್ತಿರಲಿಲ್ಲ. ಹಾಗಾಗಿ ಹಾಕಿದ ಹೆಸರು 'ಸ್ಟೂಡೆಂಟ್', ಅಂದರೆ ವಿದ್ಯಾರ್ಥಿ.

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂತು. ಗಾಸೆಟ್ ಅವರ ಸೂತ್ರವನ್ನು ಎರಡು ಗುಂಪುಗಳ ಹೋಲಿಕೆಗೆ ಹೊಂದಿಸಿದವರು ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್. ಇದಕ್ಕೆ ಟಿ-ಪರೀಕ್ಷೆ ಎನ್ನುತ್ತಾರೆ. ಸರಾಸರಿಗಳ ಅಂತರವನ್ನು ಏರಿಳಿತದ ಅಳತೆಯಿಂದ ಭಾಗಿಸಿ, ಅಷ್ಟೇ. ನಮ್ಮ ಮೊದಲ ಲೆಕ್ಕಕ್ಕೆ ಬರುವ ಉತ್ತರ 0.6, ಎರಡನೆಯದಕ್ಕೆ 3. ಐದೈದು ತಾಕುಗಳಾದರೆ, ಅಂತರವನ್ನು ನಂಬಲು ಉತ್ತರ 2.3 ದಾಟಬೇಕು.

ಭಾಗಾಕಾರ ನಿಮಗೆ ಬೇಡ, ಕೃಷಿ ವಿಜ್ಞಾನ ಕೇಂದ್ರದವರು ಮಾಡಿಕೊಡುತ್ತಾರೆ. ಯಾವ ತಾಕಿಗೆ ಯಾವ ತಳಿ ಎಂದು ಚೀಟಿ ಎತ್ತಿ ನಿರ್ಧರಿಸಿ. ಒಳ್ಳೆಯ ಮಣ್ಣನ್ನೆಲ್ಲ ಹೊಸ ತಳಿಗೇ ಕೊಡಬೇಡಿ. ಒಕ್ಕಣೆಯ ದಿನ ಹತ್ತು ಚೀಲ ಇಟ್ಟುಕೊಳ್ಳಿ, ಒಂದೊಂದಕ್ಕೂ ತಾಕಿನ ಸಂಖ್ಯೆ ಬರೆದು ಕಟ್ಟಿ. ಹತ್ತನ್ನೂ ಬೇರೆ ಬೇರೆ ತೂಗಿ, ಆಮೇಲೆ ರಾಶಿಗೆ ಸುರಿಯಿರಿ.

ನಮಸ್ಕಾರ.